ಎಸ್. ಪಿ. ರಸ್ತೆಗೊಂದು ಪ್ರಯಾಣ

ಕಾಶಿಗೆ ಹೋಗಿ ಬಂದವರು ಗಂಗೆಯನ್ನು ವರ್ಣಿಸುತ್ತಾರೆ. ಬದರಿಗೆ ಹೋಗಿ ಬಂದವರು ಹಿಮವನ್ನು ವರ್ಣಿಸುತ್ತಾರೆ. ನಾವು ಕಳೆದ ಕಾರ್ತಿಕದಲ್ಲಿ ಹೋಗಿ ಬಂದುದು ಬೆಂಗಳೂರಿನ ಎಸ್. ಪಿ. ರಸ್ತೆಗೆ. ಹೋದ ಕಾರ್ಯವಾದರೂ ಏನು? ಹುಣಿಸೆಬೀಜದಷ್ಟು ಗಾತ್ರದ ಒಂದು ತುಂಡನ್ನು ಕೀಳಿಸಿ, ಅಂತಹುದೇ ಇನ್ನೊಂದನ್ನು ಕೂರಿಸುವುದು. ಇಷ್ಟಕ್ಕೆ ಮೈಸೂರಿನಿಂದ ರೈಲು ಹತ್ತಬೇಕೆ ಎಂದು ನಮ್ಮ ಮನೆಯವರೇ ಕೇಳಿದರು. ವಾಚಕರೂ ಕೇಳಬಹುದು. ಆದುದರಿಂದ ವೃತ್ತಾಂತವನ್ನು ಮೊದಲಿನಿಂದ ಹೇಳುವುದು ಮೇಲು.

ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗಲೇ, 2017ರಲ್ಲಿ, ಮಗನ ಒತ್ತಾಯಕ್ಕೆ ಮಣಿದು ಒಂದು ಲ್ಯಾಪ್‌ಟಾಪ್ ಕೊಂಡೆವು. ಈ ಹೆಸರಿನ ಅರ್ಥ ತೊಡೆಯ ಮೇಲಿನದು ಎಂದು ಮಗನು ಹೇಳಿದನು. ಸಂಸ್ಕೃತದಲ್ಲಿ ತೊಡೆಗೆ ಅಂಕವೆಂದು ಹೆಸರು. ಎಣಿಕೆಯ ಗುರುತಿಗೂ ಅಂಕವೆಂದೇ ಹೆಸರು. ಎಣಿಕೆಯಿಂದಲೇ ಜೀವಿಸುವ ಯಂತ್ರವು ತೊಡೆಯ ಮೇಲೆ ಕುಳಿತರೆ ಅದನ್ನು ಅಂಕಯಂತ್ರವೆಂದು ಕರೆಯುವುದಕ್ಕೆ ಯಾವ ವೈಯಾಕರಣನೂ ಅಡ್ಡಿ ಹೇಳಲಾರನು. ಮನೆಯಲ್ಲಿ ಮಾತ್ರ ಈ ಹೆಸರು ನಡೆಯಲಿಲ್ಲ. ಮೊಮ್ಮಗನು ಅದನ್ನು ತಾತನ ಪೆಟ್ಟಿಗೆಯೆಂದನು, ಅದೇ ನಿಂತಿತು.

ಆ ಪೆಟ್ಟಿಗೆಯಲ್ಲಿ ನಮ್ಮ ಪಾಠದ ಟಿಪ್ಪಣಿಗಳೂ ಪಿಂಚಣಿಯ ಕಾಗದಗಳೂ ಇದ್ದುವು. ಅವು ಹೋದರೆ ಹೋಗಲಿ. ಇನ್ನೊಂದು ವಸ್ತುವಿತ್ತು. ನಮ್ಮ ತಾಯಿಯವರಿಗೆ ಓದುಬರಹ ಅಷ್ಟಕ್ಕಷ್ಟೆ. ಆದರೆ ಹಾಡುಗಳಿಗೆ ಲೆಕ್ಕವಿರಲಿಲ್ಲ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಂಗಿಸುವ ಹಾಡು, ತೊಟ್ಟಿಲು ತೂಗುವ ಹಾಡು, ಭತ್ತ ಕುಟ್ಟುವಾಗಿನ ಹಾಡು, ಹೀಗೆ ಯಾವ ಕಾರ್ಯಕ್ಕೆ ಯಾವುದೆಂದು ಕೇಳುವುದೇ ತಡ, ಆರಂಭವಾಗುತ್ತಿತ್ತು. 2018ರಿಂದ 2021ರವರೆಗೆ ಬೇಸಗೆಯ ಮಧ್ಯಾಹ್ನಗಳಲ್ಲಿ ಅವರನ್ನು ಪೆಟ್ಟಿಗೆಯ ಎದುರಿಗೆ ಕುಳ್ಳಿರಿಸಿ ನೂರ ಹನ್ನೆರಡು ಹಾಡುಗಳನ್ನು ಹಾಡಿಸಿ ಅದರಲ್ಲಿ ಹಿಡಿದಿಟ್ಟೆವು. ಕೇಳಿ ಕೇಳಿ ಕಾಗದಕ್ಕೆ ಇಳಿಸಿದ್ದು ನಲವತ್ತು ಮಾತ್ರ. ಉಳಿದುದನ್ನು ನಿವೃತ್ತಿಯಾದ ಮೇಲೆ ನಿಧಾನವಾಗಿ ಬರೆದುಕೊಳ್ಳೋಣವೆಂದಿದ್ದೆವು. ತಾಯಿಯವರು 2022ರ ಮಾಘದಲ್ಲಿ ತೀರಿಕೊಂಡರು. ಅನಂತರ ಬಹಳ ಕಾಲ ಆ ಧ್ವನಿಯನ್ನು ಕೇಳುವ ಧೈರ್ಯವಾಗಲಿಲ್ಲ. ನಕಲು ಮಾಡಿಟ್ಟಿದ್ದೀರಾ ಎಂದು ಮಗನು ಎರಡು ಸಲ ಕೇಳಿದ್ದನು. ಆಗಲಿ, ಮಾಡೋಣ ಎಂದು ಎರಡು ಸಲವೂ ಹೇಳಿದ್ದೆವು. ಐವತ್ತೊಂದನೆಯ ಪುಟದ ಲೆಕ್ಕ ನಾಳೆ ತರುತ್ತೇನೆಂದ ಹುಡುಗರನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವರು ನಾವು!

ಕೆಟ್ಟುಹೋದ ಬಗೆ ಹೀಗೆ. ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ಉಣಿಸುವ ತಂತಿಯ ತುದಿಯಲ್ಲಿ ಒಂದು ದುಂಡನೆಯ ಮೂತಿ ಇರುತ್ತದೆ. ಯಂತ್ರದ ಪಕ್ಕದಲ್ಲಿ ಅದು ಹೊಗುವ ಗೂಡಿದೆ. ಇದಕ್ಕೆ ಜ್ಯಾಕ್ ಎನ್ನುತ್ತಾರೆ. ನಾವು ತೂಗುಮಣೆಯ ಮೇಲೆ ಕುಳಿತು ಬರೆಯುವ ಅಭ್ಯಾಸದವರು. ತೂಗುಮಣೆ ಹೋಗಿ ಬರುವುದು, ತಂತಿ ಜಗ್ಗುವುದು, ಒಮ್ಮೆ ಮೊಮ್ಮಗನು ಓಡಿ ಬಂದು ತಂತಿಗೆ ಕಾಲು ತೊಡರಿ ಬೀಳುವುದು, ಇವೆಲ್ಲ ಸೇರಿ ಗೂಡು ಸಡಿಲವಾಯಿತು. ಮೊದಲು ಮೂತಿಯನ್ನು ಸ್ವಲ್ಪ ತಿರುಗಿಸಿದರೆ ದೀಪ ಹತ್ತುತ್ತಿತ್ತು. ತರುವಾಯ ಕೆಳಗೊಂದು ಮಡಿಸಿದ ಕಾಗದ ಬೇಕಾಯಿತು. ಕೊನೆಕೊನೆಗೆ ಅಮರಕೋಶದ ಒಂದು ಸಣ್ಣ ಪ್ರತಿಯನ್ನೇ ತಂತಿಯ ಕೆಳಗೆ ಆನಿಸಿದೆವು. ಅಮರಸಿಂಹನು ಎರಡು ತಿಂಗಳು ಆ ಭಾರ ಹೊತ್ತನು. ಒಂದು ಸಂಜೆ ಚಟಕ್ಕನೆ ಸದ್ದಾಗಿ ಸುಟ್ಟ ವಾಸನೆ ಬಂದಿತು, ದೀಪ ಆರಿತು, ಎತ್ತ ತಿರುಗಿಸಿದರೂ ಹತ್ತಲಿಲ್ಲ. ಬ್ಯಾಟರಿಯಲ್ಲಿ ಶೇಕಡ 7ರಷ್ಟು ಶಕ್ತಿ ಉಳಿದಿದೆಯೆಂದು ಪರದೆ ಹೇಳುತ್ತಿತ್ತು. ಲೋಭಿಯು ಕೊನೆಯ ಕಾಸನ್ನು ಗಂಟು ಹಾಕುವಂತೆ ನಾವು ಕೂಡಲೆ ಯಂತ್ರವನ್ನು ಮುಚ್ಚಿಬಿಟ್ಟೆವು.

ಮೈಸೂರಿನಲ್ಲಿ ಒಂದು ಸೇವಾಕೇಂದ್ರಕ್ಕೆ ಒಯ್ದೆವು. ಹೊಳೆಯುವ ಗಾಜಿನ ಮೇಜು, ತಂಪುಗಾಳಿ, ಸರದಿಯ ಚೀಟಿ. ಮೇಜಿನ ಹಿಂದಿನ ಯುವಕನು ಗೂಡನ್ನು ಕಣ್ಣೆತ್ತಿ ನೋಡಿ, ಜ್ಯಾಕನ್ನು ಪ್ರತ್ಯೇಕವಾಗಿ ಬದಲಿಸುವ ಪದ್ಧತಿ ತಮ್ಮಲ್ಲಿಲ್ಲ, ಮದರ್‌ಬೋರ್ಡನ್ನೇ ಬದಲಿಸಬೇಕು, ರೂ. 18,500 ಆಗುತ್ತದೆ ಎಂದನು. ಒಳಗಿನ ಹಾಡುಗಳ ಗತಿಯೇನೆಂದು ಕೇಳಿದೆವು. ಅದಕ್ಕೆ ತಾವು ಹೊಣೆಯಲ್ಲ ಎಂದು ಅಚ್ಚಾದ ಕಾಗದವೊಂದನ್ನು ಮುಂದೆ ತಳ್ಳಿ, ಇಲ್ಲಿ ರುಜು ಮಾಡಿ ಎಂದನು. ಕದದ ಚಿಲಕ ಮುರಿದರೆ ಮನೆಯನ್ನೇ ಕೆಡವಿ ಕಟ್ಟಿಕೊಡುತ್ತೇವೆ, ಒಳಗಿರುವವರ ವಿಷಯ ನಮಗೆ ಗೊತ್ತಿಲ್ಲ ಎಂದಂತಾಯಿತು. ರುಜು ಹಾಕದೆ ಮನೆಗೆ ಬಂದೆವು. ಆ ರಾತ್ರಿ ನಿದ್ರೆ ಬರಲಿಲ್ಲವೆಂದು ಹೇಳಬೇಕಾದುದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಲ್ಲಿದ್ದಾನೆ. ಶಬ್ದರೂಪಗಳಲ್ಲಿ ಅವನು ಎಂದೂ ತೇರ್ಗಡೆಯಾದವನಲ್ಲ. ಆದರೆ ಲೋಕಜ್ಞಾನದಲ್ಲಿ ಗಟ್ಟಿಗ. ಅವನಿಗೆ ದೂರವಾಣಿಯಲ್ಲಿ ಹೇಳಿಕೊಂಡೆವು. “ಮೇಷ್ಟ್ರೇ, ಬೋರ್ಡು ಗೀರ್ಡು ಏನೂ ಬೇಡಿ. ಎಸ್. ಪಿ. ರಸ್ತೆಗೆ ತನ್ನಿ” ಎಂದನು, ಒಂದು ಮಳಿಗೆಯ ಗುರುತನ್ನೂ ಕೊಟ್ಟನು.

ಸೋಮವಾರ ಬೆಳಗಿನ ರೈಲಿಗೆ ಹೊರಟೆವು. ಪೆಟ್ಟಿಗೆಯನ್ನು ಹಳೆಯ ಶಾಲಿನಲ್ಲಿ ಸುತ್ತಿ ಚೀಲದಲ್ಲಿಟ್ಟು, ಚೀಲವನ್ನು ಮೇಲಿನ ಹಲಗೆಯ ಮೇಲಿಡದೆ ತೊಡೆಯ ಮೇಲೆಯೇ ಇಟ್ಟುಕೊಂಡೆವು. ಅಂಕಯಂತ್ರವೆಂಬ ಹೆಸರು ಆ ದಿನ ಸಾರ್ಥಕವಾಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ತುಂಬಿ ಹರಿಯುತ್ತಿದ್ದಳು. ಮಂಡ್ಯದ ಕಬ್ಬಿನ ಗದ್ದೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಮದ್ದೂರಿನಲ್ಲಿ ವಡೆ ಕೊಳ್ಳುವುದು ಸಂಪ್ರದಾಯ; ಕೊಂಡೆವು; ಎಣ್ಣೆಯ ಕೈ ಚೀಲಕ್ಕೆ ತಗುಲೀತೆಂದು ಅದನ್ನೂ ನೆಮ್ಮದಿಯಾಗಿ ತಿನ್ನಲಾಗಲಿಲ್ಲ.

ಮದ್ದೂರಿನಿಂದ ಮಳವಳ್ಳಿಯ ಮೇಲೆ ಶಿವನಸಮುದ್ರಕ್ಕೆ ದಾರಿಯುಂಟು. ಆ ಜಲಪಾತದ ಬಲದಿಂದ ವಿದ್ಯುತ್ತನ್ನು ಹುಟ್ಟಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಹೊಳೆಯ ನೀರು ಬಿದ್ದ ರಭಸವು ಅಷ್ಟು ದೂರದ ನೆಲದಾಳದ ಯಂತ್ರಗಳನ್ನು ನಡೆಸಿತೆಂದರೆ ಆ ಕಾಲದವರಿಗೆ ಎಷ್ಟು ಆಶ್ಚರ್ಯವಾಗಿರಬೇಕು! ನಮ್ಮ ಪೆಟ್ಟಿಗೆಯ ಕಷ್ಟ ಇದಕ್ಕೆ ತದ್ವಿರುದ್ಧ. ನೂರಾರು ಮೈಲಿ ಸಲೀಸಾಗಿ ಹರಿದು ಬಂದ ವಿದ್ಯುತ್ತು ಮನೆಯ ಗೋಡೆಯವರೆಗೂ ಬಂದಿದೆ. ಗೋಡೆಯಿಂದ ತಂತಿಯ ತುದಿಯವರೆಗೂ ಬಂದಿದೆ. ಕೊನೆಯ ಒಂದು ಕೂದಲೆಳೆಯ ಅಂತರವನ್ನು ದಾಟಲಾರದೆ ನಿಂತುಬಿಟ್ಟಿದೆ.

ಬೆಂಗಳೂರಿನ ನಿಲ್ದಾಣದಲ್ಲಿ ಇಳಿದು, ಮೆಜೆಸ್ಟಿಕ್ಕಿನಿಂದ ನೆಲದೊಳಗಿನ ಮೆಟ್ರೋ ರೈಲಿನಲ್ಲಿ ಹೊರಟರೆ ಮೊದಲು ಚಿಕ್ಕಪೇಟೆ, ಮುಂದೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಮಾರುಕಟ್ಟೆಯ ಬಳಿ ಮೇಲಕ್ಕೆ ಬಂದೊಡನೆ ಸೇವಂತಿಗೆಯ ಪರಿಮಳವೂ ಕೊಳೆತ ಎಲೆಕೋಸಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದುವು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ ಇದೇ. ಅಕ್ಕಿಯವರಿಗೆ ಅಕ್ಕಿಪೇಟೆ, ಬಳೆಯವರಿಗೆ ಬಳೇಪೇಟೆ, ಅರಳೆಯವರಿಗೆ ಅರಳೇಪೇಟೆ, ಗಾಣಿಗರಿಗೆ ಗಾಣಿಗರಪೇಟೆ, ಕುಂಬಾರರಿಗೆ ಕುಂಬಾರಪೇಟೆ. ಕಸುಬು ಯಾವುದೋ ಪೇಟೆಯ ಹೆಸರು ಅದು. ಇಂದಿಗೆ ಹೆಸರು ಉಳಿದು ಕಸುಬು ಬದಲಾಗಿರುವ ಬೀದಿಗಳೇ ಹೆಚ್ಚು. ಪುರಭವನದ ಎತ್ತರವಾದ ಕಂಬಗಳ ಸಾಲನ್ನು ಗುರುತಾಗಿಟ್ಟುಕೊಂಡು, ಅಲ್ಲಲ್ಲಿ ವಿಚಾರಿಸುತ್ತ ನಡೆದೆವು. 1935ರಲ್ಲಿ ತೆರೆದ ಆ ಭವನಕ್ಕೆ ಸರ್ ಪುಟ್ಟಣ್ಣಚೆಟ್ಟರ ಹೆಸರಿದೆ. ಚಿಕ್ಕಂದಿನಲ್ಲಿ ನಮ್ಮ ತಂದೆಯವರೊಡನೆ ಅಲ್ಲಿ ಒಂದು ಸಂಗೀತ ಕಚೇರಿ ಕೇಳಿದ ನೆನಪು. ಅಲ್ಲಿಂದ ಕೂಗಳತೆಯಲ್ಲಿ ಸಾದರ ಪತ್ರಪ್ಪ ರಸ್ತೆ. ಅದರ ಪೂರ್ಣ ನಾಮಧೇಯವನ್ನು ಕೇಳಿದರೆ ಆಟೋದವನೂ ಹುಬ್ಬು ಗಂಟಿಕ್ಕುವನು, ಎಸ್. ಪಿ. ರಸ್ತೆ ಎಂದರೆ ಕೂಸೂ ತೋರಿಸುವುದು.

ಪೇಟೆಗಳ ಕಾಲದಲ್ಲಿ ಈ ಬೀದಿ ಹುಟ್ಟಿದ್ದರೆ ಇದಕ್ಕೆ ತಂತಿಪೇಟೆಯೆಂದು ಹೆಸರಿಡುತ್ತಿದ್ದರೋ ಏನೋ. ಬೀದಿ ಇಕ್ಕಟ್ಟು. ತಲೆಯ ಮೇಲೆ ತಂತಿಗಳ ಬಲೆ, ಕೆಳಗೆ ಮಳಿಗೆಗಳಲ್ಲಿ ತಂತಿಗಳ ಸುರುಳಿ. ಒಂದು ಕಡೆ ರಾಶಿ ಹಾಕಿದ ಕೀಲಿಮಣೆಗಳು. ಇನ್ನೊಂದು ಕಡೆ ಗಾಜಿನ ಪರದೆಗಳನ್ನು ಹಪ್ಪಳದಂತೆ ನಿಲ್ಲಿಸಿದ್ದಾರೆ. ಕಾವಲು ಕಾಯುವ ಕ್ಯಾಮೆರಾಗಳು ಸಾಲಾಗಿ ತೂಗುಹಾಕಿಸಿಕೊಂಡು ಬಂದವರನ್ನೆಲ್ಲ ದುರುಗುಟ್ಟಿ ನೋಡುತ್ತವೆ. ಹಳೆಯ ಗಂಧಿಗೆ ಅಂಗಡಿಯಲ್ಲಿ ಪುಟ್ಟ ಪುಟ್ಟ ಸೆಳೆಖಾನೆಗಳಲ್ಲಿ ಹಿಪ್ಪಲಿ, ಜ್ಯೇಷ್ಠಮಧು, ಅಳಲೆಕಾಯಿಗಳನ್ನು ಇಡುತ್ತಿದ್ದರಷ್ಟೆ. ಇಲ್ಲಿ ಅಂತಹುದೇ ಸೆಳೆಖಾನೆಗಳಲ್ಲಿ ಬಣ್ಣದ ಪಟ್ಟೆಗಳ ರೆಸಿಸ್ಟರುಗಳು, ಮೆಣಸಿನಕಾಳಿನಂತಹ ಕೆಪಾಸಿಟರುಗಳು. ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ, ಮಾರವಾಡಿ ಎಲ್ಲವೂ ಏಕಕಾಲದಲ್ಲಿ ನಡೆಯುತ್ತವೆ. ಬೆಲೆ ಹೇಳುವಾಗ ಮಾತ್ರ ಎಲ್ಲರ ಕೈಬೆರಳುಗಳೂ ಒಂದೇ ಭಾಷೆಯನ್ನಾಡುತ್ತವೆ. ಮೂಟೆ ಹೊತ್ತವನೊಬ್ಬನು ಹಿಂದಿನಿಂದ ಬಂದು “ಸೈಡು, ಸೈಡು” ಎಂದು ನಮ್ಮನ್ನು ಗೋಡೆಗೆ ಒತ್ತಿದನು. ಚೀಲವನ್ನು ಎದೆಗೆ ಅವಚಿಕೊಂಡೆವು.

ಗುರುತು ಹಿಡಿದು ಹೋದ ಮಳಿಗೆ ಎರಡನೆಯ ಮಹಡಿಯಲ್ಲಿತ್ತು. ಒಬ್ಬರು ಇಳಿದರೆ ಒಬ್ಬರು ಹತ್ತುವಷ್ಟು ಅಗಲದ ಮೆಟ್ಟಿಲು. ಮೇಲೆ ನಾಲ್ಕು ಜನ ಕುಳಿತರೆ ತುಂಬುವ ಕೋಣೆ. ಗೋಡೆಯಲ್ಲಿ ದೇವರ ಪಟ, ಅದರ ಕೆಳಗೆ ಒಂದು ಸೂಕ್ಷ್ಮದರ್ಶಕ. ಅದರ ಮುಂದೆ ಮೂವತ್ತರ ಸುಮಾರಿನ ಒಬ್ಬ ಯುವಕ ತಲೆ ತಗ್ಗಿಸಿ ಕುಳಿತಿದ್ದನು. ಶಿರಾದ ಕಡೆಯವನು, ರೇಡಿಯೋ ದುರಸ್ತಿ ಮಾಡುತ್ತಿದ್ದ ಸೋದರಮಾವನ ಪಕ್ಕದಲ್ಲಿ ಕುಳಿತು ವಿದ್ಯೆ ಕಲಿತವನು. ಗುರುಕುಲವಾಸವೆಂದರೆ ಇದೇ ಅಲ್ಲವೆ?

ನಾವು ಪೆಟ್ಟಿಗೆಯ ಪುರಾಣವನ್ನು ಹೇಳತೊಡಗಿದೆವು. ಅವನು ಅರ್ಧದಲ್ಲಿ ತಡೆದು, “ಸಾರ್, ಒಳಗೆ ಮುಖ್ಯವಾದದ್ದು ಏನಾದರೂ ಇದೆಯೆ?” ಎಂದು ಕೇಳಿದನು. ತಾಯಿಯ ಹಾಡುಗಳಿವೆ ಎಂದೆವು. ಅವನು ಮಾತನಾಡದೆ ಯಂತ್ರವನ್ನು ಕವುಚಿ, ತಳದ ತಿರುಪುಗಳನ್ನು ಸರಸರನೆ ಬಿಚ್ಚಿ, ಮೊದಲು ಬ್ಯಾಟರಿಯನ್ನು ಬೇರ್ಪಡಿಸಿ, ಒಂದು ಚಪ್ಪಟೆಯಾದ ವಸ್ತುವನ್ನು ಹೊರಕ್ಕೆಳೆದು ನಮ್ಮ ಅಂಗೈಯಲ್ಲಿಟ್ಟನು. “ಹಾಡು ಇರುವುದು ಇದರಲ್ಲಿ. ಜ್ಯಾಕು ಸುಟ್ಟರೆ ಇದಕ್ಕೇನು? ಬೋರ್ಡು ಹೋದರೂ ಇದನ್ನು ಬೇರೆ ಯಂತ್ರಕ್ಕೆ ಹಾಕಿ ಓದಬಹುದು. ಕೆಲಸ ಮುಗಿಯುವವರೆಗೂ ನೀವೇ ಇಟ್ಟುಕೊಂಡಿರಿ.”

ಸಣ್ಣ ಪಂಚಾಂಗದಷ್ಟು ಗಾತ್ರ. ಹದಿನೈದು ದಿನ ನಾವು ಯಾವುದಕ್ಕಾಗಿ ನಿದ್ರೆಗೆಟ್ಟಿದ್ದೆವೋ ಅದು ಅಪಾಯದಲ್ಲಿಯೇ ಇರಲಿಲ್ಲ! ಹೊಳೆಯುವ ಮೇಜಿನವನು ಈ ಒಂದು ಮಾತನ್ನು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸಿಟ್ಟೂ ಬಂದಿತು, ನಗುವೂ ಬಂದಿತು. ಕಣ್ಣಿನಲ್ಲಿ ನೀರೂ ಬಂದಿತೆಂಬುದನ್ನು ಮುಚ್ಚಿಡುವುದೇಕೆ? ಯುವಕನು ಇನ್ನೊಂದು ಮಾತು ಸೇರಿಸಿದನು. ಈಚಿನ ಕೆಲವು ತೆಳ್ಳನೆಯ ಯಂತ್ರಗಳಲ್ಲಿ ಈ ಸಂಗ್ರಹಭಾಗವನ್ನು ಬೋರ್ಡಿಗೇ ಬೆಸೆದುಬಿಡುತ್ತಾರಂತೆ. ಹೀಗೆ ಎಳೆದು ಕೈಗೆ ಕೊಡುವಂತಿಲ್ಲ. ಮನೆಯಲ್ಲಿ ಅಂತಹ ಯಂತ್ರವುಳ್ಳ ವಾಚಕರು ಇದನ್ನು ಗಮನಿಸಬೇಕು.

ಇಷ್ಟರಲ್ಲಿ ಒಬ್ಬ ಹುಡುಗನು ತುಂಡಾದ ತಂತಿಯೊಂದನ್ನು ಹಿಡಿದು ಬಂದನು. ಯುವಕನು ನಮ್ಮ ಕೆಲಸವನ್ನು ಬದಿಗಿಟ್ಟು ಅದನ್ನು ಕೈಗೆತ್ತಿಕೊಂಡನು. ನಾವು ಮೊದಲು ಬಂದವರೆಂದು ಸ್ವಲ್ಪ ಅಸಮಾಧಾನವಾಯಿತು. ಆದರೆ ಶಾಸ್ತ್ರದಲ್ಲಿ ಸೂಚೀಕಟಾಹನ್ಯಾಯವೆಂಬುದೊಂದುಂಟು: ಕಮ್ಮಾರನಲ್ಲಿ ಒಬ್ಬನು ಕೊಪ್ಪರಿಗೆಯನ್ನೂ ಇನ್ನೊಬ್ಬನು ಸೂಜಿಯನ್ನೂ ಮಾಡಿಕೊಡೆಂದರೆ, ಸೂಜಿಯನ್ನು ಮೊದಲು ಮುಗಿಸಿ ಕಳುಹಿಸುವುದೇ ಯುಕ್ತ. ವರ್ಷಗಟ್ಟಲೆ ಈ ನ್ಯಾಯವನ್ನು ಪಾಠ ಹೇಳಿದ್ದೆವು. ಕೊಪ್ಪರಿಗೆಯವನ ಸ್ಥಾನದಲ್ಲಿ ಕುಳಿತದ್ದು ಅದೇ ಮೊದಲು. ಹುಡುಗನು ಐದು ನಿಮಿಷದಲ್ಲಿ ಹೊರಟುಹೋದನು.

ಅನಂತರ ಶಸ್ತ್ರಚಿಕಿತ್ಸೆ. ಮೊದಲು ಅವನು ನಮ್ಮ ತಂತಿಯನ್ನು ಪರೀಕ್ಷಿಸಿದನು. ಮನೆಯ ಗೋಡೆಯಲ್ಲಿರುವುದು 230 ವೋಲ್ಟಿನ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತು. ತಂತಿಯ ನಡುವಿನ ಕರಿಯ ಇಟ್ಟಿಗೆಯಂತಹ ಅಡಾಪ್ಟರು ಅದನ್ನು 19 ವೋಲ್ಟಿಗೆ ಇಳಿಸಿ ಒಂದೇ ದಿಕ್ಕಿಗೆ ಹರಿಸುತ್ತದೆ. ಮೀಟರಿನ ಎರಡು ಸೂಜಿಗಳನ್ನು ಮೂತಿಗೆ ತಾಗಿಸಿದಾಗ 19 ಎಂದು ಸರಿಯಾಗಿಯೇ ತೋರಿಸಿತು. “ಇದು ಚೆನ್ನಾಗಿದೆ. ಎಷ್ಟೋ ಜನ ಇದನ್ನು ನೋಡದೆ ಯಂತ್ರವನ್ನೇ ಬಿಚ್ಚುತ್ತಾರೆ” ಎಂದನು. ಕೆಲವು ಯಂತ್ರಗಳಲ್ಲಿ ಗೂಡಿಗೆ ಒಂದು ಗೇಣುದ್ದದ ತಂತಿಯಿದ್ದು ಅದು ಬೋರ್ಡಿಗೆ ಸಿಕ್ಕಿಸಿಕೊಂಡಿರುತ್ತದಂತೆ. ಅಂತಹುದನ್ನು ಬದಲಿಸುವುದು ತಿರುಪು ಬಿಚ್ಚಬಲ್ಲವರಿಗೆಲ್ಲ ಸಾಧ್ಯ. ನಮ್ಮದು ಬೋರ್ಡಿಗೇ ಬೆಸುಗೆಯಾದುದು. ಕೀಲಿಮಣೆಯ ಪಟ್ಟಿತಂತಿಗಳನ್ನೂ ಗಾಳಿಪಂಖವನ್ನೂ ಬಿಡಿಸಿ ಹಸಿರು ಬಣ್ಣದ ಹಲಗೆಯನ್ನು ಪೂರ್ತಿಯಾಗಿ ಹೊರಕ್ಕೆ ತೆಗೆದನು. ಮದರ್‌ಬೋರ್ಡ್ ಎಂದರೆ ತಾಯಿಹಲಗೆ. ಇದನ್ನೇ ತೆಗೆದು ಎಸೆಯಬೇಕೆಂದು ಹೇಳಿದ್ದುದು.

“ಬನ್ನಿ, ನೋಡಿ” ಎಂದು ಸೂಕ್ಷ್ಮದರ್ಶಕದ ಮುಂದೆ ನಮ್ಮನ್ನು ಕುಳ್ಳಿರಿಸಿದನು. ಗೂಡಿಗೆ ಐದು ಲೋಹದ ಕಾಲುಗಳು. ಅವು ಹಲಗೆಯ ರಂಧ್ರಗಳಲ್ಲಿ ಇಳಿದು, ಕೆಳಗೆ ಬೆಸುಗೆಯ ಗುಡ್ಡೆಗಳಲ್ಲಿ ನಿಂತಿವೆ. ನಡುವಿನ ಕಾಲಿನ ಸುತ್ತಲೂ ಒಂದು ಕರಿಯ ಉಂಗುರ. ಬಳಪದಿಂದ ಬರೆದಂತೆ ತೆಳ್ಳಗಿದ್ದ ಆ ಗೆರೆಯೇ ಬಿರುಕು. ಮೂತಿಯನ್ನು ಎಳೆದಾಗಲೆಲ್ಲ ಕಾಲು ಅಲುಗಿ ಅಲುಗಿ ಬೆಸುಗೆ ಸುತ್ತಲೂ ಬಿಟ್ಟುಕೊಂಡಿದೆ; ಬಿಟ್ಟ ಕಡೆ ವಿದ್ಯುತ್ತು ಕಿಡಿಯಾಗಿ ಹಾರಿ, ಕಾದು, ಗೂಡಿನ ಪ್ಲಾಸ್ಟಿಕ್ಕನ್ನು ಕಂದಾಗಿಸಿದೆ. ಸಂಧಿ ಬಿಟ್ಟಿದೆ ಎಂದೆವು. ನಮಗೆ ಬೇರೆ ಶಬ್ದ ಹೊಳೆಯಲಿಲ್ಲ. ಅವನೂ ಅದನ್ನು ಒಪ್ಪಿಕೊಂಡನು. ಅಮರಕೋಶವನ್ನು ಆನಿಸಿದ ಸಂಗತಿಯನ್ನೂ ಒಪ್ಪಿಸಿದೆವು. “ಅದರಿಂದಲೇ ಹೆಚ್ಚು ಸುಟ್ಟಿರುವುದು ಸಾರ್. ಮೊದಲ ದಿನವೇ ತಂದಿದ್ದರೆ ಬೆಸುಗೆ ಮುಟ್ಟಿಸಿ ಕಳಿಸುತ್ತಿದ್ದೆ” ಎಂದನು. ಕೋಶವನ್ನು ಓದುವುದಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಿದುದರ ಫಲ!

ಹಳೆಯದನ್ನು ಕೀಳುವುದೇ ಕಷ್ಟವಾದ ಭಾಗ. ಸೀಸವು ಮೈಗೆ ಕೆಡುಕೆಂದು ಯುರೋಪಿನಲ್ಲಿ 2006ರಲ್ಲಿ ನಿರ್ಬಂಧ ಬಂದ ಮೇಲೆ ಇಂತಹ ಯಂತ್ರಗಳಲ್ಲಿ ಸೀಸವಿಲ್ಲದ ಬೆಸುಗೆಯನ್ನೇ ಸಾಮಾನ್ಯವಾಗಿ ಹಾಕುತ್ತಾರೆ. ತವರ ಸೀಸಗಳ ಹಳೆಯ ಮಿಶ್ರಣ 183 ಡಿಗ್ರಿಗೆ ಕರಗುತ್ತಿತ್ತು; ಈ ಹೊಸದಕ್ಕೆ ಸುಮಾರು 217 ಡಿಗ್ರಿ ಬೇಕು. ಅಲ್ಲದೆ ಗೂಡಿನ ಕೆಲವು ಕಾಲುಗಳು ಹಲಗೆಯ ಒಳಪದರದ ಅಗಲವಾದ ತಾಮ್ರದ ಹಾಳೆಗೆ ಸೇರಿರುತ್ತವೆ. ಎಷ್ಟು ಕಾಯಿಸಿದರೂ ಆ ತಾಮ್ರವು ಶಾಖವನ್ನು ಹೀರಿ ಹಲಗೆಗೆಲ್ಲ ಹಂಚಿಬಿಡುತ್ತದೆ. ಸಿಟ್ಟು ಬಂದು ಎಳೆದರೆ ರಂಧ್ರದೊಳಗಿನ ತಾಮ್ರದ ಬಳೆ ಕಿತ್ತುಬರುತ್ತದೆ. ಆಗ ಹಲಗೆಯೇ ಹೋದಂತೆ. ಇದಕ್ಕೆ ಅವನು ಮಾಡಿದ ಉಪಾಯ ಸೊಗಸಾದುದು. ಹಳೆಯ ಬೆಸುಗೆಯ ಮೇಲೆ ಸೀಸವುಳ್ಳ ಬೆಸುಗೆಯನ್ನು ಇನ್ನಷ್ಟು ಸುರಿದನು. ತೆಗೆಯಬೇಕಾದ ಕಡೆ ಸೇರಿಸುತ್ತಾನಲ್ಲ ಎಂದು ನಾವು ಬೆರಗಾದೆವು. ಎರಡೂ ಬೆರೆತರೆ ಬೇಗ ಕರಗುತ್ತದೆಯಂತೆ. ತ್ರಪುವೆಂದರೆ ತವರ. ಚಮಕ ಹೇಳುವಾಗ ಸೀಸವನ್ನೂ ತ್ರಪುವನ್ನೂ ನಾವು ಜನ್ಮವಿಡೀ ಬೇಡುತ್ತ ಬಂದಿದ್ದೆವು, ಏತಕ್ಕೆಂಬುದು ಎಸ್. ಪಿ. ರಸ್ತೆಯಲ್ಲಿ ತಿಳಿಯಿತು.

ಸುತ್ತಲಿನ ಸಣ್ಣ ಸಣ್ಣ ಭಾಗಗಳಿಗೆ ಶಾಖ ತಡೆಯುವ ಹಳದಿ ಪಟ್ಟಿಯನ್ನು ಹೊದಿಸಿ, ಹಲಗೆಯನ್ನು ಕೆಳಗಿನಿಂದ ಮೆಲ್ಲಗೆ ಬೆಚ್ಚಗೆ ಮಾಡಿ, ಮೇಲಿನಿಂದ ಕಾದ ಗಾಳಿ ಊದಿದನು. ಒಂದು ಕೈಯಲ್ಲಿ ಚಿಮಟ. ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದನು. ಬೆಸುಗೆಯು ಪಾದರಸದಂತೆ ಹೊಳೆಯಿತು. ಗೂಡು ತಾನಾಗಿ ಸಡಿಲಿ ಕೈಗೆ ಬಂದಿತು. ಸೌತೆಕಾಯಿ ತೊಟ್ಟು ಬಿಡುವ ಹಾಗೆ.

ಅಷ್ಟರಲ್ಲಿ ಅವನು “ಅಯ್ಯೋ” ಎಂದನು. ನಮ್ಮ ಎದೆ ಧಸಕ್ಕೆಂದಿತು. ಸುಟ್ಟಿದ್ದ ನಡುರಂಧ್ರದ ತಾಮ್ರದ ಬಳೆ ಮೊದಲೇ ಸತ್ತುಹೋಗಿತ್ತು; ಗೂಡಿನೊಡನೆ ಪುಡಿಯಾಗಿ ಬಂದಿತ್ತು. ಅಂದರೆ ಹೊಸ ಗೂಡನ್ನು ಕೂರಿಸಿದರೂ ನಡುವಿನ ಕಾಲಿನಿಂದ ಮುಂದಕ್ಕೆ ದಾರಿಯಿಲ್ಲ. ಅವನು ಐದು ನಿಮಿಷ ಸುಮ್ಮನೆ ಕುಳಿತನು. ಚಹಾ ತರಿಸಿದನು. ಕುಡಿಯುತ್ತಲೇ ಮೀಟರಿನ ಸೂಜಿಯನ್ನು ಅಲ್ಲಿ ಇಲ್ಲಿ ತಾಗಿಸಿ, ಆ ಕಾಲಿನ ದಾರಿ ಹಲಗೆಯ ಮೇಲೆ ಮುಂದೆ ಯಾವ ಭಾಗಕ್ಕೆ ಹೋಗಿ ಸೇರುತ್ತದೆಂದು ಹುಡುಕಿದನು. ಅರ್ಧ ಅಂಗುಲದಾಚೆ ಸಿಕ್ಕಿತು. ಅಲ್ಲಿಗೆ ಒಂದು ತಾಮ್ರದ ತಂತಿಯ ಸೇತುವೆ ಕಟ್ಟುವುದೆಂದು ತೀರ್ಮಾನಿಸಿದನು. ಸೆಳೆಖಾನೆಯಲ್ಲಿದ್ದ ಕೂದಲಿನಂತಹ ತಂತಿಯನ್ನು ತೆಗೆದು ಮತ್ತೆ ಒಳಗಿಟ್ಟನು. “ಇದರಲ್ಲಿ ಮೂರೂವರೆ ಆಂಪಿಯರಿನ ಹತ್ತಿರ ಹರಿಯುತ್ತದೆ, ಸಣ್ಣದಾದರೆ ಕಾಯುತ್ತದೆ” ಎಂದು ದಪ್ಪನಾದುದೊಂದನ್ನು ಆರಿಸಿದನು. ಅವಸರದವನಾಗಿದ್ದರೆ ಸಣ್ಣದನ್ನೇ ಹಾಕುತ್ತಿದ್ದನು. ಒಂದು ತಿಂಗಳು ನಡೆಯುತ್ತಲೂ ಇತ್ತು. ನಮಗೆ ಗೊತ್ತಾಗುತ್ತಲೂ ಇರಲಿಲ್ಲ.

ಮುಂದಿನದು ಬೇಗ ನಡೆಯಿತು. ಹೆಣೆದ ತಾಮ್ರದ ಪಟ್ಟಿಯಿಂದ ರಂಧ್ರಗಳ ಹಳೆಯ ಬೆಸುಗೆಯನ್ನು ಹೀರಿ ತೆಗೆದು, ಮದ್ಯಸಾರದಿಂದ ಒರೆಸಿ, ಅದೇ ಅಳತೆಯ ಹೊಸ ಗೂಡನ್ನು ಕೆಳಗಿನ ಅಂಗಡಿಯಿಂದ ತರಿಸಿ ಕೂರಿಸಿದನು. ನೋಡುವುದಕ್ಕೆ ಒಂದೇ ತರಹದ ಗೂಡುಗಳು ಹಲವುಂಟು. ನಡುವಿನ ಸೂಜಿ ಕೂದಲಷ್ಟು ದಪ್ಪವಾದರೂ ಮೂತಿ ಒಳಗೆ ಹೋಗದು, ತೆಳ್ಳಗಾದರೆ ಹಿಡಿಯದು. ಕೊನೆಗೆ ಧನ ಋಣ ಎರಡೂ ಎಲ್ಲಿಯೂ ಒಂದನ್ನೊಂದು ತಾಗಿಲ್ಲವೆಂದು ಮೀಟರಿನಿಂದ ಮೂರು ಸಲ ನೋಡಿದ ಮೇಲೆಯೇ ಯಂತ್ರವನ್ನು ಜೋಡಿಸತೊಡಗಿದನು.

“ಸಾರ್, ಅದನ್ನು ಕೊಡಿ” ಎಂದು ಕೈ ನೀಡಿದನು. ಅಂಗೈಯಲ್ಲಿದ್ದ ಪಂಚಾಂಗ ಬೆವರಿತ್ತು. ಒರೆಸಿ ಕೊಟ್ಟೆವು. ತಂತಿ ಸಿಕ್ಕಿಸಿದನು. ಪಕ್ಕದ ಸಣ್ಣ ದೀಪ ಹತ್ತಿತು. ಮೂತಿಯನ್ನು ಆಚೀಚೆ ಅಲುಗಿಸಿದನು, ಆರಲಿಲ್ಲ. ಪರದೆಯಲ್ಲಿ 7 ಇದ್ದುದು 8 ಆಯಿತು. ಒಂದು ಅಂಕ ಹೆಚ್ಚಿದುದನ್ನು ಕಂಡು ಅಷ್ಟು ಸಂತೋಷಪಟ್ಟ ಪರೀಕ್ಷಾರ್ಥಿಯನ್ನು ನಾವು ನಮ್ಮ ವೃತ್ತಿಯಲ್ಲಿಯೂ ಕಂಡಿರಲಿಲ್ಲ.

ಧ್ವನಿಯೂ ಬರುತ್ತದೆಯೋ ನೋಡೋಣವೆಂದು ಅವನು ಯಾವುದೋ ಒಂದು ಹಾಡನ್ನು ಒತ್ತಿದನು. ಮೊದಲು ಗಂಟಲು ಸರಿಪಡಿಸಿಕೊಂಡ ಸದ್ದು. “ಶುರುಮಾಡಲೇನೋ?” ಎಂಬ ಪ್ರಶ್ನೆ. ಆಮೇಲೆ ತೊಟ್ಟಿಲ ಹಾಡು. ಕೆಳಗಿನ ಬೀದಿಯ ಹಾರನ್ನುಗಳ ನಡುವೆ ಆ ಧ್ವನಿ ಎರಡು ನುಡಿಯಷ್ಟು ಹೊತ್ತು ಆ ಕೋಣೆಯಲ್ಲಿತ್ತು. ಪಕ್ಕದ ಮೇಜಿನಲ್ಲಿ ಹಿಂದಿ ಮಾತನಾಡುತ್ತಿದ್ದ ಇನ್ನೊಬ್ಬ ಕೆಲಸಗಾರನು ತನ್ನ ಬೆಸುಗೆಯ ಕಡ್ಡಿಯನ್ನು ಗೂಡಿಗಿಟ್ಟು ಕೇಳಿದನು. ಮೂರು ವರ್ಷಗಳಿಗೂ ಮಿಕ್ಕಿ ಕೇಳದಿದ್ದ ಧ್ವನಿಯನ್ನು ನಾವು ಅಪರಿಚಿತರ ನಡುವೆ ಕೇಳಿದೆವು. ಅದು ಹಾಗಾದದ್ದೇ ಒಳ್ಳೆಯದಾಯಿತು. ಒಬ್ಬರೇ ಇದ್ದಿದ್ದರೆ ಆಗಲೂ ಮುಚ್ಚಿಬಿಡುತ್ತಿದ್ದೆವು.

ಗೂಡಿಗೂ ಕೂಲಿಗೂ ಸೇರಿ ಅವನು ಕೇಳಿದುದು ರೂ. 900. ಸಾವಿರ ಕೊಟ್ಟು ಚಿಲ್ಲರೆ ಬೇಡವೆಂದೆವು. ಅವನು ಬಿಡದೆ ನೂರನ್ನು ಹಿಂದಕ್ಕೆ ಕೊಟ್ಟನು. ಅದಕ್ಕೆ ಪ್ರತಿಯಾಗಿ ಅವನಲ್ಲಿಯೇ ಒಂದು ಹೊರಗಿನ ಸಂಗ್ರಹಪೆಟ್ಟಿಗೆಯನ್ನು ಕೊಂಡು, ನೂರ ಹನ್ನೆರಡು ಹಾಡುಗಳನ್ನೂ ಅಲ್ಲಿಯೇ ನಕಲು ಮಾಡಿಸಿದೆವು. ಮುಗಿಯುವುದಕ್ಕೆ ಹತ್ತು ನಿಮಿಷ ಹಿಡಿಯಲಿಲ್ಲ. ಹತ್ತು ನಿಮಿಷದ ಈ ಕೆಲಸವನ್ನು ನಾವು ಮೂರು ವರ್ಷ ಮುಂದೂಡಿದ್ದೆವು. ತೂಗುಮಣೆಯ ಮೇಲೆ ಕೂರುವಾಗ ತಂತಿ ತೆಗೆದಿಡಿ, ತೆಗೆಯುವಾಗ ತಂತಿಯನ್ನು ಹಿಡಿದೆಳೆಯದೆ ಮೂತಿಯನ್ನು ಹಿಡಿದು ನೇರವಾಗಿ ತೆಗೆಯಿರಿ ಎಂದು ಯುವಕನು ಎಚ್ಚರಿಕೆ ಹೇಳಿದನು; ಹೇಳಿದ ರೀತಿ ಥೇಟು ಉಪಾಧ್ಯಾಯನದು.

ಸಂಜೆಯ ರೈಲಿನಲ್ಲಿ ಹಿಂದಿರುಗುವಾಗ ಕಿಟಕಿಯ ಬಳಿ ತಂತಿ ಸಿಕ್ಕಿಸುವ ಗೂಡೊಂದಿತ್ತು. ಪಕ್ಕದವರೆಲ್ಲ ತಮ್ಮ ತಮ್ಮ ಯಂತ್ರಗಳಿಗೆ ಉಣಿಸುತ್ತಿದ್ದರು. ಅಲುಗುವ ಬಂಡಿಯಲ್ಲಿ ನಾವು ಆ ಸಾಹಸಕ್ಕೆ ಹೋಗಲಿಲ್ಲ. ರಾಮನಗರದ ಬಂಡೆಗಳು ಕತ್ತಲೆಯಲ್ಲಿ ಹಿಂದೆ ಸರಿದುವು. ಮದ್ದೂರಿನ ವಡೆಯನ್ನು ಈ ಸಲ ನೆಮ್ಮದಿಯಾಗಿ ತಿಂದೆವು.

ಮನೆ ಸೇರಿದಾಗ ರಾತ್ರಿ ಹತ್ತು ಗಂಟೆ. ನಮ್ಮ ಮನೆಯವರು ಅಡಿಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತಂತಿ ಸಿಕ್ಕಿಸಿ, ಬರೆಯದೆ ಉಳಿದಿದ್ದ ಎಪ್ಪತ್ತೆರಡರಲ್ಲಿ ಮೊದಲನೆಯದನ್ನು ತೆರೆದೆವು. ಅದೊಂದು ಆರತಿಯ ಹಾಡು. ಮೂರನೆಯ ನುಡಿಯ ನಡುವೆ ತಾಯಿಯವರು ತಟ್ಟನೆ ನಿಲ್ಲಿಸಿ, “ಸಾಕು, ಸಾಕು, ಹಾಲು ಉಕ್ಕುತ್ತಿದೆ, ಮೊದಲು ಒಲೆ ನೋಡಿ” ಎಂದರು. ಅಡಿಗೆಮನೆಯಲ್ಲಿದ್ದ ನಮ್ಮ ಮನೆಯವರು “ಹೂಂ ಅಮ್ಮ” ಎನ್ನುತ್ತ ಒಲೆಯ ಕಡೆಗೆ ತಿರುಗಿದರು.